ಊರಿಗೆ ಮರಳಿದ ಮೇಲೆ ಆರೋಗ್ಯ ವಿಮೆ ಮಾಡಿಸಿದರೆ ಸಾಕಾಗುವುದಿಲ್ಲವಾ?

ಪ್ರಶ್ನೆ: ನಾನು ಬ್ರಹ್ಮಾವರದವಳು. ಹದಿನೆಂಟು ವರ್ಷದಿಂದ ಶಾರ್ಜಾದ ಒಂದು ಭಾರತೀಯ ಶಾಲೆಯಲ್ಲಿ ಗಣಿತದ ಟೀಚರ್. ಈಗ 57 ವರ್ಷ. ಶುಗರ್ ಉಂಟು, ಬಿಪಿಗೂ ಮಾತ್ರೆ ತೆಗೆದುಕೊಳ್ಳುತ್ತೇನೆ. ಅರುವತ್ತಕ್ಕೆ ಕೆಲಸ ಬಿಟ್ಟು ಊರಿಗೆ ಬರುವ ಅಂದಾಜು. ಇಲ್ಲಿ ಶಾಲೆಯವರೇ ಇನ್ಶೂರೆನ್ಸ್ ಮಾಡಿಸಿದ್ದಾರೆ. ಹಾಗಿರುವಾಗ ಊರಲ್ಲಿ ಈಗಲೇ ಇನ್ನೊಂದು ಬೇಕಾ? ಬಂದ ಮೇಲೆ ಮಾಡಿಸಿದರೆ ಸಾಕಾಗುವುದಿಲ್ಲವಾ? ಈ ವಯಸ್ಸಿಗೆ ಕೊಡುತ್ತಾರಾ ಎಂಬ ಹೆದರಿಕೆಯೂ ಉಂಟು. ಯಜಮಾನರು ಊರಲ್ಲೇ ಇದ್ದಾರೆ, ಅವರಿಗೆ 63.

ಉತ್ತರ: ಟೀಚರೇ, ಈಗಲೇ ಮಾಡಿಸಿ. ಜುಲೈ ರಜೆಗೆ ಊರಿಗೆ ಬಂದಾಗಲೇ ಮಾಡಿಸಿ. ಇಷ್ಟು ಗಟ್ಟಿಯಾಗಿ ಹೇಳಲು ಒಂದು ಕಾರಣ ನಿಯಮ, ಇನ್ನೊಂದು ನನ್ನ ಅಕ್ಕ.

ಮೊದಲು ನಿಯಮ ನೋಡೋಣ. ವಿಮೆ ಮಾಡಿಸುವ ಮೊದಲೇ ಇದ್ದ ಕಾಯಿಲೆಗೆ ಪಾಲಿಸಿ ಸಿಕ್ಕಿದ ಕೂಡಲೇ ಹಣ ಸಿಗುವುದಿಲ್ಲ. ಅದಕ್ಕೊಂದು ಕಾಯುವ ಅವಧಿ ಇದೆ. ಮೊದಲು ಅದು ಹೆಚ್ಚೆಂದರೆ ನಾಲ್ಕು ವರ್ಷ ಇತ್ತು; ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2024ರಲ್ಲಿ ಅದನ್ನು ಮೂರು ವರ್ಷಕ್ಕೆ, ಅಂದರೆ 36 ತಿಂಗಳಿಗೆ ಇಳಿಸಿತು. ಈ ಗಡಿಯಾರ ಓಡಲು ಶುರುವಾಗುವುದು ಪಾಲಿಸಿ ಆರಂಭವಾದ ದಿನದಿಂದ. ಆ ಮೂರು ವರ್ಷ ನೀವು ಶಾರ್ಜಾದಲ್ಲಿದ್ದೀರೋ ಬ್ರಹ್ಮಾವರದಲ್ಲಿದ್ದೀರೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ನಿಮಗೀಗ 57. ಅರುವತ್ತಕ್ಕೆ ಬರುವವರು. ಲೆಕ್ಕ ನಿಮ್ಮದೇ ವಿಷಯ, ನಾನು ಹೇಳಿಕೊಡಬೇಕಾಗಿಲ್ಲ. ಈಗ ಶುರು ಮಾಡಿದರೆ ನೀವು ಪೆಟ್ಟಿಗೆ ಕಟ್ಟಿಕೊಂಡು ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಕಾಯುವ ಅವಧಿ ಮುಗಿದಿರುತ್ತದೆ. ಬಂದ ಮೇಲೆ ಮಾಡಿಸಿದರೆ ಶುಗರ್, ಬಿಪಿಗೆ ಸಂಬಂಧಿಸಿದ ಚಿಕಿತ್ಸೆಗೆ 63ರ ವರೆಗೆ ಕೈಯಿಂದ ಕೊಡಬೇಕಾದೀತು.

ಈಗ ಅಕ್ಕನ ಮಾತು. ಅವಳೂ ಕೊಲ್ಲಿ ದೇಶದಲ್ಲಿ ಟೀಚರ್ ಆಗಿದ್ದವಳು. ಊರಿನ ವಿಮೆಯ ಬಗ್ಗೆ ಕೇಳಿದಾಗ, "ಬಂದ ಮೇಲೆ ನೋಡುವ, ಈಗ ಎರಡೆರಡು ಕಡೆ ಯಾಕೆ ಕಟ್ಟುತ್ತಿ" ಎಂದದ್ದು ನಾನೇ. ಬಂದ ಮೇಲೆ ಮಾಡಿಸಿದಳು, ಬಿಪಿ ಇದ್ದದ್ದನ್ನು ಸರಿಯಾಗಿ ಬರೆದೂ ಕೊಟ್ಟಳು. ಎಂಟನೇ ತಿಂಗಳಲ್ಲಿ ಎದೆನೋವು ಬಂತು, ಎರಡು ಸ್ಟೆಂಟ್ ಹಾಕಿದರು. ಕಾಯುವ ಅವಧಿ ಮುಗಿದಿಲ್ಲವೆಂದು ಕ್ಲೇಮ್ ತಿರಸ್ಕಾರವಾಯಿತು. ಕಂಪನಿ ನಿಯಮದಂತೆಯೇ ನಡೆದುಕೊಂಡಿತ್ತು. ಇಳಿವಯಸ್ಸಿಗೆಂದು ಇಟ್ಟಿದ್ದ ಡಿಪಾಸಿಟ್ಟನ್ನು ಅವಧಿಗೆ ಮುಂಚೆ ಮುರಿಸಲು ಬ್ಯಾಂಕಿನಲ್ಲಿ ಸಹಿ ಹಾಕುವಾಗ ಅವಳು ನನಗೆ ಒಂದು ಮಾತೂ ಅನ್ನಲಿಲ್ಲ. ಆ ದಿನದಿಂದ ಯಾರು ಕೇಳಿದರೂ ನಾನು "ಬಂದ ಮೇಲೆ" ಎನ್ನುವುದಿಲ್ಲ.

ಶಾರ್ಜಾದ ವಿಮೆ ಚೆನ್ನಾಗಿಯೇ ಇರಬಹುದು. ಅಬುಧಾಬಿ, ದುಬೈಗಳಲ್ಲಿ ಮೊದಲೇ ಕಡ್ಡಾಯವಾಗಿದ್ದ ಉದ್ಯೋಗಿಗಳ ವಿಮೆ 2025ರ ಜನವರಿ 1ರಿಂದ ಶಾರ್ಜಾ ಸೇರಿದಂತೆ ಉಳಿದ ಎಮಿರೇಟುಗಳಿಗೂ ಬಂದಿದೆ. ಆದರೆ ಅದು ಕೆಲಸಕ್ಕೆ, ವೀಸಾಕ್ಕೆ ಕಟ್ಟಿಹಾಕಿದ ವಿಮೆ. ಕೆಲಸ ಬಿಟ್ಟು ವೀಸಾ ರದ್ದಾದರೆ ಅದೂ ಮುಗಿಯುತ್ತದೆ. ಭಾರತದೊಳಗೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ಪೋರ್ಟ್ ಮಾಡಿದ ಹಾಗೆ ಅಲ್ಲಿನ ಪಾಲಿಸಿಯನ್ನು ಇಲ್ಲಿಗೆ ತರಲು ಬರುವುದಿಲ್ಲ. ಹದಿನೆಂಟು ವರ್ಷ ಅಲ್ಲಿ ವಿಮೆ ಇತ್ತು ಎಂದರೂ ಇಲ್ಲಿ ಕಾಯುವ ಅವಧಿಯಲ್ಲಿ ಒಂದು ದಿನವೂ ಕಡಿಮೆಯಾಗುವುದಿಲ್ಲ. ಇಲ್ಲಿನ ಪಾಲಿಸಿಯೂ ಸಾಮಾನ್ಯವಾಗಿ ಭಾರತದಲ್ಲಿ ಆದ ಚಿಕಿತ್ಸೆಗೆ ಮಾತ್ರ ಹಣ ಕೊಡುತ್ತದೆ. ಹಾಗಾಗಿ ಎರಡು ವಿಮೆ ಇದ್ದರೆ ಒಂದು ದಂಡ ಎಂದು ತಿಳಿಯಬೇಡಿ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ರಜೆಗೆ ಬಂದಾಗ ಅಂಗಳದ ಪಾಚಿಯಲ್ಲಿ ಜಾರಿ ಕೈ ಮುರಿದುಕೊಂಡರೂ ಊರಿನ ಪಾಲಿಸಿ ಬೇಕು, ಅಪಘಾತಕ್ಕೆ ಮೊದಲ ದಿನದಿಂದಲೇ ರಕ್ಷಣೆ ಇರುತ್ತದೆ. ಹೊಸದಾಗಿ ಬರುವ ಉಳಿದ ಕಾಯಿಲೆಗಳಿಗೆ ಮೂವತ್ತು ದಿನ ಕಳೆಯಬೇಕು.

ಇದರ ನಡುವೆ ಇನ್ನೊಂದು ಪಟ್ಟಿ ಇದೆ, ಟೀಚರುಗಳು ಅದನ್ನು ಓದಲೇಬೇಕು. ಕಣ್ಣಿನ ಪೊರೆ, ಹರ್ನಿಯಾ, ಮಂಡಿಚಿಪ್ಪು ಬದಲಾವಣೆ, ಕಾಲಿನ ಉಬ್ಬಿದ ರಕ್ತನಾಳ ಇಂಥವಕ್ಕೆ, ಮೊದಲು ಇರಲಿ ಬಿಡಲಿ, ಹೆಚ್ಚಿನ ಪಾಲಿಸಿಗಳಲ್ಲಿ ಎರಡು ವರ್ಷ ಕಾಯಬೇಕು. ಮೂವತ್ತು ವರ್ಷ ಬೋರ್ಡಿನ ಮುಂದೆ ನಿಂತವರ ಮಂಡಿ, ಕಾಲುಗಳ ಕಥೆ ನಿಮಗೆ ಗೊತ್ತಿದೆ.

ವಯಸ್ಸಿನ ಹೆದರಿಕೆ ಬೇಡ. 65 ದಾಟಿದವರಿಗೆ ಹೊಸ ಪಾಲಿಸಿ ಕೊಡುವುದು ಕಂಪನಿಗಳ ಮರ್ಜಿಗೆ ಬಿಟ್ಟ ವಿಷಯವಾಗಿತ್ತು. 2024ರಿಂದ ಎಲ್ಲ ವಯಸ್ಸಿನವರಿಗೂ ಹೊಂದುವ ಪಾಲಿಸಿಗಳನ್ನು ಕಂಪನಿಗಳು ಇಟ್ಟಿರಬೇಕು ಎಂಬ ನಿಯಮ ಬಂದಿದೆ. ನಿಮ್ಮದು ಇನ್ನೂ 57. ಅರುವತ್ತು ದಾಟಿದ ಮೇಲೆ ಹೋದರೆ ಅನೇಕ ಕಡೆ ಹಿರಿಯ ನಾಗರಿಕರ ಪಾಲಿಸಿಯನ್ನೇ ಮುಂದಿಡುತ್ತಾರೆ. ಅದರಲ್ಲಿ ಸಹಪಾವತಿಯ ಷರತ್ತು ಇರುವುದು ಹೆಚ್ಚು. ಶೇ. 20 ಸಹಪಾವತಿ ಎಂದರೆ ಮೂರು ಲಕ್ಷದ ಬಿಲ್ಲಿನಲ್ಲಿ 60,000 ನಿಮ್ಮ ಕೈಯಿಂದ. ಈಗ ಸಹಪಾವತಿ ಇಲ್ಲದ ಸಾಮಾನ್ಯ ಪಾಲಿಸಿ ತೆಗೆದುಕೊಂಡು ತಪ್ಪದೆ ನವೀಕರಿಸುತ್ತ ಹೋದರೆ, ವಯಸ್ಸಾಯಿತು ಎಂಬ ಒಂದೇ ಕಾರಣಕ್ಕೆ ಅದನ್ನು ನಿಲ್ಲಿಸುವಂತಿಲ್ಲ.

ಶುಗರ್ ಇರುವುದರಿಂದ ಕಂಪನಿ ಪ್ರೀಮಿಯಂ ಸ್ವಲ್ಪ ಏರಿಸಬಹುದು. ಒಂದು ಕಂಪನಿ ಆಗುವುದಿಲ್ಲ ಎಂದರೆ ಇನ್ನೊಂದರ ಬಾಗಿಲು ತಟ್ಟಿ. ಸಕ್ಕರೆ ಕಾಯಿಲೆಯವರಿಗೆಂದೇ ಮಾಡಿದ ಪಾಲಿಸಿಗಳೂ ಇವೆ, ಕೆಲವದರಲ್ಲಿ ಕಾಯುವ ಅವಧಿ ಕಡಿಮೆ. ಆದರೆ "ಶುಗರ್ ಬರೆಯುವುದು ಬೇಡ ಅಕ್ಕ, ಯಾರಿಗೂ ಗೊತ್ತಾಗುವುದಿಲ್ಲ" ಎನ್ನುವ ಏಜೆಂಟ್ ಸಿಕ್ಕಿದರೆ ದಯವಿಟ್ಟು ಅಲ್ಲಿಂದಲೇ ಎದ್ದು ಬನ್ನಿ. ಗೊತ್ತಾಗುವುದು ನಿಮ್ಮ ಬಾಯಿಂದಲೇ. ಆಸ್ಪತ್ರೆಗೆ ಸೇರುವ ರಾತ್ರಿ ಡ್ಯೂಟಿ ಡಾಕ್ಟರ್ ಎಷ್ಟು ವರ್ಷದಿಂದ ಶುಗರ್ ಎಂದು ಕೇಳುತ್ತಾರೆ, ಹತ್ತು ವರ್ಷ ಎಂದು ನೀವು ಹೇಳುತ್ತೀರಿ, ಅದು ಕೇಸ್ ಶೀಟಿನಲ್ಲಿ ಬರೆದುಹೋಗುತ್ತದೆ. ಕ್ಲೇಮ್ ನೋಡುವವರು ಮೊದಲು ತಿರುವುವುದು ಅದೇ ಹಾಳೆ. ಪಾಲಿಸಿ ಸತತವಾಗಿ ಐದು ವರ್ಷ ನಡೆದರೆ, ಆಮೇಲೆ ವಂಚನೆಯನ್ನು ಸಾಬೀತು ಮಾಡದೆ ಮುಚ್ಚಿಟ್ಟಿದ್ದೀರಿ ಎಂಬ ಕಾರಣಕ್ಕೆ ಕ್ಲೇಮ್ ನಿರಾಕರಿಸುವಂತಿಲ್ಲ ಎಂಬ ನಿಯಮ ಇದೆ. ತಿಳಿಯದೆ ಬಿಟ್ಟುಹೋದದ್ದಕ್ಕೆ ಅದು ಆಸರೆ. ಸುಳ್ಳು ಬರೆಯಲು ಧೈರ್ಯ ಅಲ್ಲ.

ಎಷ್ಟು ಮೊತ್ತಕ್ಕೆ? ನನ್ನ ಅಭಿಪ್ರಾಯದಲ್ಲಿ ಒಬ್ಬರಿಗೆ ಹತ್ತು ಲಕ್ಷಕ್ಕಿಂತ ಕಡಿಮೆ ಬೇಡ. ಪ್ರೀಮಿಯಂ ಭಾರವಾದರೆ ಐದು ಲಕ್ಷದ ಮೂಲ ಪಾಲಿಸಿ, ಅದರ ಮೇಲೆ ಸೂಪರ್ ಟಾಪ್‌ಅಪ್ ತೆಗೆದುಕೊಳ್ಳಿ. ವರ್ಷದ ಎಲ್ಲ ಬಿಲ್ಲುಗಳು ಸೇರಿ ಐದು ಲಕ್ಷ ದಾಟಿದ ಮೇಲೆ ಅದು ಕೆಲಸಕ್ಕೆ ಬರುತ್ತದೆ. ಬರೀ ಟಾಪ್‌ಅಪ್ ಆದರೆ ಒಂದೊಂದು ಬಿಲ್ಲನ್ನೂ ಬೇರೆಬೇರೆ ನೋಡುತ್ತದೆ, ಆದ್ದರಿಂದ "ಸೂಪರ್" ಎಂಬ ಪದ ಇದೆಯೇ ನೋಡಿಕೊಳ್ಳಿ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ. 40,000ದ ಪ್ರೀಮಿಯಮ್ಮಿಗೆ ಮೊದಲು 47,200 ಕಟ್ಟಬೇಕಿತ್ತು.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ರೂಮಿನ ಬಾಡಿಗೆಯಲ್ಲಿ. ಪಾಲಿಸಿಯಲ್ಲಿ ದಿನಕ್ಕೆ 5,000 ಎಂದಿದ್ದು ನೀವು 8,000ದ ರೂಮಿಗೆ ಹೋದರೆ ದಿನದ ಮೂರು ಸಾವಿರ ಮಾತ್ರ ನಿಮ್ಮ ತಲೆಗೆ ಬರುತ್ತದೆ ಎಂದುಕೊಳ್ಳಬೇಡಿ. ಸರ್ಜನ್ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲವನ್ನೂ ಎಂಟಕ್ಕೆ ಐದರ ಅನುಪಾತದಲ್ಲಿ ಕತ್ತರಿಸಬಹುದು. ಇವೆಲ್ಲ ಸೇರಿ 1,60,000 ಆಗಿದ್ದರೆ ಸಿಗುವುದು ಒಂದೇ ಲಕ್ಷ. ಔಷಧಿಗೆ, ಸ್ಟೆಂಟಿನಂಥ ಇಂಪ್ಲಾಂಟಿಗೆ ಈ ಕತ್ತರಿ ಇಲ್ಲ. ಬಾಡಿಗೆ ಮಿತಿ ಇಲ್ಲದ ಪಾಲಿಸಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಬ್ರಹ್ಮಾವರದಲ್ಲಿ ರಾತ್ರಿ ಎದೆನೋವು ಬಂದರೆ ಕಾರು ತಿರುಗುವುದು ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಕಡೆಗೆ. ಆ ಆಸ್ಪತ್ರೆ, ಮತ್ತೆ ಮಂಗಳೂರಿನಲ್ಲಿ ನೀವು ಹೋಗಬಹುದಾದ ಒಂದೆರಡು, ಕಂಪನಿಯ ಕ್ಯಾಶ್‌ಲೆಸ್ ಪಟ್ಟಿಯಲ್ಲಿ, ಅಂದರೆ ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟುವ ಆಸ್ಪತ್ರೆಗಳ ಪಟ್ಟಿಯಲ್ಲಿ, ಇವೆಯೇ ಎಂದು ಏಜೆಂಟನ್ನು ಕೇಳಬೇಡಿ. ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲೇ ಕೇಳಿ, ಪಟ್ಟಿ ಬದಲಾಗುತ್ತಿರುತ್ತದೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ಮಣಿಪಾಲ್ ಆರೋಗ್ಯ ಕಾರ್ಡ್ ಇದೆ, ಅದಿದ್ದರೆ ಸಾಕಲ್ಲ ಎನ್ನುವವರೂ ಇದ್ದಾರೆ. ಅದು ಬಿಲ್ಲಿನಲ್ಲಿ ರಿಯಾಯಿತಿ ಕೊಡುವ ಕಾರ್ಡ್, ವಿಮೆಯ ಜಾಗದಲ್ಲಿ ನಿಲ್ಲುವುದಿಲ್ಲ. ಇರಲಿ, ಒಳ್ಳೆಯದೇ. ಎಪ್ಪತ್ತು ದಾಟಿದವರಿಗೆ ಆದಾಯ ನೋಡದೆ ಐದು ಲಕ್ಷದ ರಕ್ಷಣೆ ಎಂದು ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಆಯುಷ್ಮಾನ್ ಯೋಜನೆಯನ್ನು ವಿಸ್ತರಿಸಿದ್ದನ್ನು ಕೇಳಿರುತ್ತೀರಿ. ನಿಮಗೆ ಅದಕ್ಕೆ ಇನ್ನೂ ಹದಿಮೂರು ವರ್ಷ.

ಯಜಮಾನರನ್ನು ಸೇರಿಸಿ ಒಂದೇ ಫ್ಲೋಟರ್ ಪಾಲಿಸಿ ಮಾಡಬೇಡಿ. ಫ್ಲೋಟರಿನ ಪ್ರೀಮಿಯಂ ಹಿರಿಯವರ ವಯಸ್ಸಿನ ಮೇಲೆ ಹೋಗುತ್ತದೆ, ಮೊತ್ತವನ್ನು ಇಬ್ಬರೂ ಹಂಚಿಕೊಳ್ಳಬೇಕಾಗುತ್ತದೆ. ಅವರಿಗೆ ಬೇರೆ ಪಾಲಿಸಿ ಇರಲಿ. ಅವರದನ್ನು ನಿಮ್ಮ ರಜೆಯ ವರೆಗೂ ಕಾಯಿಸುವುದು ಬೇಡ, ಈ ವಾರವೇ ಶುರು ಮಾಡಿ.

ನಿಮ್ಮ ಅರ್ಜಿಯನ್ನು ರಜೆಯ ಮೊದಲ ವಾರವೇ ಕೊಡಿ. ಆಟಿಯ ಮಳೆ, ನೆಂಟರ ಮನೆ ಎಂದು ದಿನ ಹೋದದ್ದೇ ಗೊತ್ತಾಗುವುದಿಲ್ಲ. ರಕ್ತಪರೀಕ್ಷೆ, ಇಸಿಜಿ ಆಗಬೇಕು, ಕಂಪನಿ ಮತ್ತೆ ಪ್ರಶ್ನೆ ಕೇಳಿದರೆ ಇನ್ನೂ ಕೆಲವು ದಿನ ಹಿಡಿಯುತ್ತದೆ. ಶಾರ್ಜಾದ ವೈದ್ಯರ ಚೀಟಿಗಳನ್ನು ತನ್ನಿ. ವಿದೇಶದಲ್ಲಿ ಕೆಲಸದಲ್ಲಿರುವುದನ್ನು ಅರ್ಜಿಯಲ್ಲಿ ಬರೆಯಿರಿ. ಪಾಲಿಸಿ ಕೈಗೆ ಬಂದ ಮೇಲೆ ಮೂವತ್ತು ದಿನದೊಳಗೆ ಓದಿ ನೋಡಿ, ಹಿಡಿಸದಿದ್ದರೆ ಹಿಂದಿರುಗಿಸಬಹುದು.

ಕಂಪನಿಗೆ ಯಾವ ಮೊಬೈಲ್ ನಂಬರ್ ಕೊಡುತ್ತೀರಿ ಎಂಬುದೂ ಮುಖ್ಯ. ಊರಿನ ಸಿಮ್ ರಜೆ ಮುಗಿದ ಮೇಲೆ ಕಪಾಟಿನಲ್ಲಿ ಸತ್ತು ಬಿದ್ದಿರುತ್ತದೆ, ನವೀಕರಣದ ಮೆಸೇಜು ಅದಕ್ಕೇ ಹೋಗುತ್ತದೆ. ವಾರ್ಷಿಕ ಕಂತು ತಪ್ಪಿದರೆ ಕಟ್ಟಲು ಇನ್ನೂ ಮೂವತ್ತು ದಿನ ಸಮಯ ಇದೆ. ಅದೂ ದಾಟಿದರೆ ಮೂರು ವರ್ಷದ ಲೆಕ್ಕ ಮತ್ತೆ ಸೊನ್ನೆಯಿಂದ. ಯಜಮಾನರ ನಂಬರ್ ಕೊಡಿ, ನಿಮ್ಮ ಇಮೇಲ್ ಕೊಡಿ, ಕಂತು ಖಾತೆಯಿಂದ ತಾನಾಗಿಯೇ ಹೋಗುವಂತೆ ಮಾಡಿಸಿ. ಪಾಲಿಸಿಯ ಒಂದು ಪ್ರತಿ ಮನೆಯಲ್ಲಿ ಅವರ ಕೈಗೆ ಸಿಗುವ ಕಡೆ ಇರಲಿ.