ಕೊಬ್ಬಿನ ಕೋಶಕ್ಕೆ ಇನ್ಸುಲಿನ್ ಹೇಳುವ ಎರಡು ಕೆಲಸ

ಇನ್ಸುಲಿನ್ ಸಿಕ್ಕಿದ್ದು 1921ರಲ್ಲಿ, ಟೊರಾಂಟೊದಲ್ಲಿ. ಮರುವರ್ಷವೇ ರೋಗಿಗಳಿಗೂ ಕೊಟ್ಟರು. ಆದರೆ ಅದು ರಕ್ತದ ಸಕ್ಕರೆಯನ್ನು ಇಳಿಸೋದು ಹೇಗೆ? ಉತ್ತರಕ್ಕೆ ಸುಮಾರು ಅರವತ್ತು ವರ್ಷ ಕಾಯಬೇಕಾಯಿತು.

ಮೊದಲ ಸುಳಿವು ಬಂದದ್ದು 1949ರಲ್ಲಿ. ರಾಕ್ಮೀಲ್ ಲೆವಿನ್ ತಂಡ ನಾಯಿಗಳ ಮೇಲೆ ಪ್ರಯೋಗ ಮಾಡಿ, ಇನ್ಸುಲಿನ್‌ನ ಕೆಲಸ ಸಕ್ಕರೆಯನ್ನು ಉರಿಸುವುದಲ್ಲ, ಕೋಶದೊಳಗೆ ಬಿಟ್ಟುಕೊಳ್ಳುವುದು ಎಂದಿತು.

1964ರಲ್ಲಿ ಮಾರ್ಟಿನ್ ರಾಡ್‌ಬೆಲ್ ಇಲಿಯ ಕೊಬ್ಬನ್ನು ಕೊಲಾಜಿನೇಸ್ ಎಂಬ ಕಿಣ್ವದಲ್ಲಿಟ್ಟು ಕೋಶಗಳನ್ನು ಬಿಡಿಬಿಡಿಯಾಗಿಸಿದರು. ಕೊಬ್ಬು ತುಂಬಿದ ಕೋಶ ಹಗುರ, ಮೇಲೆ ತೇಲುತ್ತದೆ. ಉಳಿದವು ತಳ ಸೇರುತ್ತವೆ. ಎಷ್ಟು ಸರಳ, ಅಲ್ವಾ? ಮುಂದಿನ ಸಂಶೋಧನೆಗೆಲ್ಲ ಇದೇ ದಾರಿ ಮಾಡಿತು.

1980ರಲ್ಲಿ ಅಮೆರಿಕದ ಎರಡು ತಂಡಗಳು, ಕುಶ್ಮನ್-ವಾರ್ಡ್ಜಾಲಾ ಮತ್ತು ಸುಜುಕಿ-ಕೊನೊ, ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದವು. ಕೊಬ್ಬಿನ ಕೋಶಗಳನ್ನು ಒಡೆದು ಒಳಪೊರೆ, ಹೊರಪೊರೆ ಬೇರ್ಪಡಿಸಿ ನೋಡಿದರೆ, ಗ್ಲೂಕೋಸ್ ಸಾಗಿಸುವ ಪ್ರೋಟೀನ್ ಇನ್ಸುಲಿನ್ ಇಲ್ಲದಾಗ ಸುಮ್ನೆ ಒಳಗೇ ಅಡಗಿರುತ್ತದೆ. ಇನ್ಸುಲಿನ್ ಬಂದರೆ ಹೊರಪೊರೆಗೆ ಬರುತ್ತದೆ. 1988-89ರಲ್ಲಿ ಆ ಪ್ರೋಟೀನ್ ಗುರುತು ಸಿಕ್ಕಿತು. ಈಗ ಅದನ್ನು ಗ್ಲುಟ್-4 ಅಂತಾರೆ.

ಅಷ್ಟರಲ್ಲಿ ಕೊಬ್ಬಿನ ಕೋಶ ಬರೀ ಉಗ್ರಾಣ ಎಂಬ ಅಸಡ್ಡೆಯೂ ಕಡಿಮೆಯಾಗುತ್ತಿತ್ತು. ಅದು ಪ್ರೋಟೀನುಗಳನ್ನು ರಕ್ತಕ್ಕೆ ಬಿಡುತ್ತದೆ: 1987ರಲ್ಲಿ ಅಡಿಪ್ಸಿನ್, 1994ರಲ್ಲಿ ಲೆಪ್ಟಿನ್, 1995ರಲ್ಲಿ ಈಗ ಅಡಿಪೊನೆಕ್ಟಿನ್ ಎನ್ನುವುದು ಗೊತ್ತಾದವು. ಇನ್ಸುಲಿನ್ ಕೊಟ್ಟರೆ ಈ ಕೊನೆಯದು ಜಾಸ್ತಿ ಹೊರಬರುತ್ತಿತ್ತು. ಹಾಗಾದರೆ ಅದೂ ಕೋಶದೊಳಗೆ ಗ್ಲುಟ್-4 ಇರುವ ಪುಟ್ಟ ಚೀಲಗಳಲ್ಲೇ ಹೊರಡುತ್ತದೆಯೇ? ಸಂಶೋಧಕರಾದ ಬೋಗನ್ ಮತ್ತು ಲೋಡಿಶ್ 1999ರಲ್ಲಿ ಇಲ್ಲ ಎಂದರು. ಎರಡಕ್ಕೂ ಬೇರೆ ಬೇರೆ ಚೀಲ, ಅಪ್ಪಣೆ ಮಾತ್ರ ಒಂದೇ ಇನ್ಸುಲಿನ್‌ನದು.

ನನಗೆ ತುಂಬಾ ಕುತೂಹಲ ಹುಟ್ಟಿಸೋದು ಇದರ ನಂತರದ್ದು. 2001ರಲ್ಲಿ ಬಾರ್ಬರಾ ಕಾಹ್ನ್ ತಂಡ ಇಲಿಗಳ ಕೊಬ್ಬಿನಲ್ಲಿ ಮಾತ್ರ ಗ್ಲುಟ್-4 ತೆಗೆದುಹಾಕಿತು. ಇನ್ಸುಲಿನ್‌ನಿಂದಾಗಿ ಕೋಶ ಸೇರುವ ಸಕ್ಕರೆಯಲ್ಲಿ ಹೆಚ್ಚಿನ ಪಾಲು ಸ್ನಾಯುವಿಗೇ ಹೋಗುವುದು, ಕೊಬ್ಬಿಗೆ ಸಿಗುವುದು ಸ್ವಲ್ಪ. ಆದರೂ ಆ ಇಲಿಗಳ ಸ್ನಾಯು, ಯಕೃತ್ತು ಎರಡೂ ಇನ್ಸುಲಿನ್‌ಗೆ ಸರಿಯಾಗಿ ಓಗೊಡಲಿಲ್ಲ. ಅದೇ ಸ್ನಾಯುವನ್ನು ದೇಹದಿಂದ ಹೊರತೆಗೆದು ಪರೀಕ್ಷಿಸಿದರೆ ತೊಂದರೆ ಕಾಣಲಿಲ್ಲ! ಅಂದರೆ ಕೆಡುಕು ರಕ್ತದಲ್ಲಿ ಬರುತ್ತಿತ್ತು. 2005ರಲ್ಲಿ ಅವರು ಬೊಟ್ಟು ಮಾಡಿದ್ದು ವಿಟಮಿನ್ ಎ ಸಾಗಿಸುವ ಆರ್‌ಬಿಪಿ-4 ಎಂಬ ಪ್ರೋಟೀನ್ ಕಡೆಗೆ; ಆ ಇಲಿಗಳ ಕೊಬ್ಬಿನಲ್ಲಿ ಅದು ಹೆಚ್ಚಾಗಿತ್ತು. ಮನುಷ್ಯರಲ್ಲಿ ಅದರ ಪಾತ್ರ ಎಷ್ಟು ಎಂಬುದರ ಬಗ್ಗೆ ಮಾತ್ರ ಅಧ್ಯಯನಗಳು ಒಂದೇ ಮಾತು ಹೇಳುತ್ತಿಲ್ಲ.