ಜೂನ್ ತಿಂಗಳಲ್ಲಿ ಎರಡೂ ಕಡಲು ಮುಚ್ಚುವ 14 ದಿನ

ಬಂಟ್ವಾಳದಿಂದ ಹೊರಟು ಬೆಂಗಳೂರು, ಕೋಲಾರ, ಮುಳಬಾಗಿಲುಗಳನ್ನು ಹಾದು ವೆಲ್ಲೂರು ಸೇರುವ ರಾಷ್ಟ್ರೀಯ ಹೆದ್ದಾರಿ 75, ಕಡಲಿಲ್ಲದ ನಮ್ಮ ಕೋಲಾರ ಜಿಲ್ಲೆಗೆ ಎರಡೂ ಕರಾವಳಿಗಳ ಮೀನು ಬರುವ ದಾರಿ ತೆರೆದಿಟ್ಟಿದೆ. ಕೇಂದ್ರ ಸರ್ಕಾರದ ಆದೇಶದಂತೆ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ ಎರಡೂ ಕಡೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಜೂನ್ ಮೊದಲ 14 ದಿನ ಎರಡೂ ಒಟ್ಟಿಗೆ ಬೀಳುತ್ತವೆ. ಆಗ ಬಂಗುಡೆ ದುಬಾರಿಯಾಯಿತೆಂದು ಗೊಣಗುವ ನಮ್ಮ ಗಿರಾಕಿಗೆ ಆಂಧ್ರದ ಕೊಳಗಳ ಕಾಟ್ಲಾ, ರೋಹು ಸಿಗುತ್ತವೆ. ಬೇಡವೆಂದರೆ ಪಕ್ಕದಲ್ಲೇ ಕೋಳಿ ಅಂಗಡಿಯಿದೆ. ಆ ಬಂಗುಡೆಯನ್ನು ಹಿಡಿಯುವವರ ಮನೆಯ ಅಡುಗೆ ಅದೇ ದಿನಗಳಲ್ಲಿ ಹೇಗೆ ನಡೆಯುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಕಾನೂನು ಬರುವುದಕ್ಕೆ ಬಹಳ ಮೊದಲೇ ಪಶ್ಚಿಮ ಕರಾವಳಿಯಲ್ಲಿ ಮುಂಗಾರು ವಿರಾಮದ ಕಾಲವಾಗಿತ್ತು. ಹಾಯಿ ಮತ್ತು ಹುಟ್ಟುಗಳನ್ನು ನಂಬಿದ ದೋಣಿಗಳು ಆ ಅಲೆಗಳನ್ನು ದಾಟಿ ಆಳಕ್ಕೆ ಹೋಗುವಂತಿರಲಿಲ್ಲ; ಶ್ರಾವಣದ ನೂಲ ಹುಣ್ಣಿಮೆಯ ಹೊತ್ತಿಗೆ ಸಮುದ್ರ ಪೂಜೆ ಮಾಡಿ, ಹಾಲು, ತೆಂಗಿನಕಾಯಿ ಅರ್ಪಿಸಿ ಮತ್ತೆ ಕಡಲಿಗಿಳಿಯುವುದು ರೂಢಿಯಾಗಿತ್ತು. ನಡುವಿನ ದಿನಗಳಿಗೆಂದು ಬೇಸಿಗೆಯಲ್ಲೇ ಬೂತಾಯಿ, ಬಂಗುಡೆ, ಸೀಗಡಿಗಳನ್ನು ಒಣಗಿಸಿಡುತ್ತಿದ್ದರು. ಹೊಳೆ, ಅಳಿವೆಗಳಲ್ಲಿ ಬೀಸುಬಲೆ ಹಾಕಿದರೆ ಒಂದು ಹೊತ್ತಿನ ಸಾರಿಗಾಗುವಷ್ಟು ಸಿಕ್ಕೀತು. ಆಗಲೂ ಮಳೆಗಾಲ ಸುಖದ ಕಾಲವೇನಲ್ಲ. ಆದರೆ ಅದಕ್ಕೆ ಬೇಕಾದ ಸಿದ್ಧತೆ ಬಹುಮಟ್ಟಿಗೆ ಮನೆಯವರ ಕೈಯಲ್ಲೇ ಇತ್ತು.

ಈ ಲಯವನ್ನು ಕೆಡಿಸಿದ್ದು ಯಂತ್ರ. 1952ರಲ್ಲಿ ಒಪ್ಪಂದವಾಗಿ ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ ಬೇರೂರಿದ ಭಾರತ–ನಾರ್ವೆ ಯೋಜನೆಯು ಯಾಂತ್ರಿಕ ದೋಣಿಗಳನ್ನು ಪರಿಚಯಿಸಿತು. ಮುಂದೆ ಸೀಗಡಿಗೆ ವಿದೇಶದಲ್ಲಿ ಬೆಲೆ ಬಂದಂತೆ, ಕಡಲ ತಳದಲ್ಲಿ ಬಲೆಯೆಳೆಯುವ ಯಾಂತ್ರಿಕ ದೋಣಿಗಳಾದ ಟ್ರಾಲರುಗಳು ಹೆಚ್ಚಿದವು. ಕರಿಕ್ಕಾಡಿ ಎಂಬ ಸೀಗಡಿ ಅಲ್ಲಿ ಮಳೆಗಾಲದಲ್ಲೇ ಹೇರಳವಾಗಿ ದೊರೆಯುತ್ತಿದ್ದುದರಿಂದ ಟ್ರಾಲರುಗಳಿಗೆ ಮುಂಗಾರೇ ಸುಗ್ಗಿಯಾಯಿತು. ಬೂತಾಯಿಯಂಥ ಮೀನುಗಳು ಮೊಟ್ಟೆಯಿಡುವ ಕಾಲವೂ ಅದೇ. ತಳವನ್ನು ಗೋರುವ ಬಲೆಗಳಿಗೂ ದಡದ ಸಣ್ಣ ದೋಣಿಗಳಿಗೂ 1970ರ ದಶಕದಲ್ಲಿ ಹಲವೆಡೆ ಘರ್ಷಣೆಗಳಾದವು. ಅದರ ಫಲವಾಗಿ 1980ರಲ್ಲಿ ಕೇರಳ ಮತ್ತು ಗೋವಾ, 1986ರಲ್ಲಿ ಕರ್ನಾಟಕ, ಕಡಲ ಮೀನುಗಾರಿಕೆಯ ನಿಯಂತ್ರಣಕ್ಕೆ ಕಾಯ್ದೆಗಳನ್ನು ಮಾಡಿದವು. ಸಣ್ಣ ಮೀನುಗಾರರ ಉಪವಾಸ, ಚಳವಳಿಗಳ ನಂತರ 1988ರಲ್ಲಿ ಕೇರಳ ಮಳೆಗಾಲದ ಟ್ರಾಲಿಂಗ್ ನಿಷೇಧವನ್ನು ಆರಂಭಿಸಿತು. ನಿಷೇಧವನ್ನು ಬಡವರ ಮೇಲೆ ಅಧಿಕಾರಿಗಳು ಹೇರಿದ ಕಟ್ಟಳೆಯೆಂದಷ್ಟೇ ಬಗೆಯುವವರು ಈ ಭಾಗವನ್ನು ಮರೆಯುತ್ತಾರೆ: ಅದನ್ನು ಬೇಡಿದವರಲ್ಲಿ ಬಡ ಮೀನುಗಾರರೇ ಮುಂದಿದ್ದರು.

ದಡದಿಂದ 12 ನಾಟಿಕಲ್ ಮೈಲಿವರೆಗಿನ ನೀರು ರಾಜ್ಯಗಳ ಅಧಿಕಾರಕ್ಕೆ, ಅದರಾಚೆಯದು ಕೇಂದ್ರದ ಅಧಿಕಾರಕ್ಕೆ ಸೇರಿದ್ದರಿಂದ ನಿಷೇಧದ ದಿನಾಂಕಗಳ ಗೊಂದಲ ಬಹುಕಾಲ ಉಳಿಯಿತು. 2015ರಲ್ಲಿ ಕೇಂದ್ರವು ಅವಧಿಯನ್ನು 61 ದಿನಗಳಿಗೆ ಏರಿಸಿತು. ಕರ್ನಾಟಕದಲ್ಲಿ ಯಂತ್ರವಿಲ್ಲದ ದೋಣಿಗಳಿಗೂ 10 ಅಶ್ವಶಕ್ತಿಯವರೆಗಿನ ಮೋಟಾರು ಕಟ್ಟಿದ ನಾಡದೋಣಿಗಳಿಗೂ ವಿನಾಯಿತಿ ಇದೆ, ಆದರೆ ಕಡಲು ಉಕ್ಕಿರುವ ದಿನ ಆ ವಿನಾಯಿತಿ ಕಾಗದದ ಮೇಲಷ್ಟೇ ಉಳಿಯುತ್ತದೆ.

ಬೋಟಿನಲ್ಲಿ ದುಡಿಯುವ ಕಲಾಸಿಗೆ ಸಂಬಳಕ್ಕಿಂತ ಹೆಚ್ಚಾಗಿ ಹಿಡಿದ ಮೀನಿನ ಹಣದಲ್ಲಿ ಪಾಲು ಸಿಗುವುದು ವಾಡಿಕೆ. ಜೊತೆಗೆ ಮನೆಯ ಸಾರಿಗೆಂದು ಒಂದಿಷ್ಟು ಮೀನೂ ಕೈಗೆ ಬರುತ್ತದೆ. ಬೋಟು ದಕ್ಕೆಯಲ್ಲಿ ನಿಂತ ದಿನ ಎರಡೂ ಒಮ್ಮೆಲೇ ನಿಲ್ಲುತ್ತವೆ. ಬುಟ್ಟಿ ಹೊತ್ತು ಮನೆಮನೆಗೆ ಮಾರುವ ಹೆಂಗಸರಿಗೂ, ಮಂಜುಗಡ್ಡೆ ಒಡೆಯುವವರಿಗೂ, ಸೀಗಡಿ ಸುಲಿಯುವವರಿಗೂ ಕೆಲಸ ಇಲ್ಲವಾಗುತ್ತದೆ. ಪಡಿತರದಲ್ಲಿ ಅಕ್ಕಿ ಬರುವುದರಿಂದ ಹೊಟ್ಟೆ ತುಂಬುವುದು ಇಂದು ಅಷ್ಟು ಕಷ್ಟವಲ್ಲ, ಆದರೆ ಆ ಅನ್ನದ ಜೊತೆಗಿರುತ್ತಿದ್ದ ಮೀನು ತಟ್ಟೆಯಿಂದ ಸರಿಯುತ್ತದೆ. ಅಗ್ಗದ ಬೂತಾಯಿಯೇ ಈ ಮನೆಗಳಿಗೆ ಸುಲಭದ ಪೌಷ್ಟಿಕಾಂಶವಾಗಿತ್ತು. ಶುಂಠಿ, ಬೆಳ್ಳುಳ್ಳಿಯ ಸಮೇತ ಎಲ್ಲವನ್ನೂ ಅಂಗಡಿಯಿಂದಲೇ ತರಬೇಕಾದ ಮನೆಯಲ್ಲಿ ಬೇಳೆ, ಮೊಟ್ಟೆಗಳು ಮೀನಿನ ಜಾಗವನ್ನು ತುಂಬಬೇಕಾದರೆ ನಗದು ಬೇಕು. ಶಾಲೆ ತೆರೆಯುವ ಜೂನ್ ತಿಂಗಳಲ್ಲಿ ನಗದಿಗೆ ಬೇರೆ ದಾರಿಗಳೇ ಹೆಚ್ಚು.

ಸರ್ಕಾರ ಇದಕ್ಕೆ ಕಂಡುಕೊಂಡ ಉತ್ತರ ಉಳಿತಾಯ ಮತ್ತು ಪರಿಹಾರ ಯೋಜನೆ. ಮೀನುಗಾರ ವರ್ಷದಲ್ಲಿ ಕಟ್ಟಿದ 1,500 ರೂಪಾಯಿಗೆ ಕೇಂದ್ರ, ರಾಜ್ಯಗಳು 3,000 ರೂಪಾಯಿ ಸೇರಿಸಿ, ಒಟ್ಟು 4,500 ರೂಪಾಯಿಯನ್ನು ನಿಷೇಧವೂ ಸೇರಿದ ಬಿಡುವಿನ ಮೂರು ತಿಂಗಳಿಗೆ ಹಂಚಿ ಕೊಡಲಾಗುತ್ತದೆ. 2020ರಲ್ಲಿ ಬಂದ ಕೇಂದ್ರದ ಮತ್ಸ್ಯ ಸಂಪದ ಯೋಜನೆಯೂ ಇದೇ ಲೆಕ್ಕವನ್ನು ಮುಂದುವರಿಸಿತು. ದಿನಕ್ಕೆ ಬೀಳುವುದು 50 ರೂಪಾಯಿ, ಅದರಲ್ಲಿ ಮೂರನೆಯ ಒಂದು ಪಾಲು ಅವರದೇ ಹಣ. ಮೀನು ಹಿಡಿಯುವವರನ್ನು ಲೆಕ್ಕ ಹಿಡಿದು ರೂಪಿಸಿದ ಇಂಥ ಯೋಜನೆಯಲ್ಲಿ ಸೀಗಡಿ ಸುಲಿಯುವವಳ ಹೆಸರು ಸೇರುವುದು ಸುಲಭವಲ್ಲ.

ಕೋಲಾರದವರಿಗೂ ಮೀನಿನ ಕಾಲಮಾನ ಹೊಸದಲ್ಲ. ಬೇಸಿಗೆಯಲ್ಲಿ ಕೆರೆ ಬತ್ತುತ್ತಾ ಬಂದಾಗ ಊರಿಗೂರೇ ಇಳಿದು ಮೀನು ಹಿಡಿಯುತ್ತಿದ್ದ ಕಾಲವೊಂದಿತ್ತು. ಕೆರೆಗಳು ಗುತ್ತಿಗೆಗೆ ಹೋದ ಮೇಲೆ ಅದು ಕಡಿಮೆಯಾಯಿತು, 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿತ ಕೊಳಚೆ ನೀರು ಹರಿದ ಕೆರೆಗಳಂತೂ ಹಿಂದಿನಂತೆ ಬತ್ತುವುದಿಲ್ಲ. ಆದರೆ ನಮ್ಮಲ್ಲಿ ಮೀನು ಮುದ್ದೆಯ ಜೊತೆಗೊಮ್ಮೆ ಬರುವ ಸಾರು, ಕರಾವಳಿಯಲ್ಲಿ ಅದು ನಿತ್ಯದ ಊಟ. ಮಳೆಗಾಲದಲ್ಲಿ ನಮ್ಮ ಸಂತೆಗಳಲ್ಲಿ ಸೇರಿನ ಲೆಕ್ಕದಲ್ಲಿ ಸಿಗುವ ಒಣಸೀಗಡಿಯೂ ಕರಾವಳಿಯ ಬಿಸಿಲಿನಲ್ಲೇ ಒಣಗಿದ್ದು. ಹಿಂದೆ ಮನೆಯ ಅಟ್ಟದ ಮೇಲೆ ಉಳಿಯುತ್ತಿದ್ದ ಸರಕು ಈಗ ಕೈಗೆ ನಗದು ಬೇಕಾದವರ ಮನೆಯಿಂದ ಬೇಸಿಗೆಯಲ್ಲೇ ಲಾರಿ ಹತ್ತಿ ಘಟ್ಟದ ಮೇಲಕ್ಕೆ ಬರುತ್ತದೆ.