ಹುಲಿಯೋ ಸಿಂಹವೋ ಎಂಬಲ್ಲಿಂದ ಪಾಚಿಯ ಹುಳದವರೆಗೆ: ಗಟ್ಟಿ ಪ್ರಾಣಿಯ ಹಳೇ ವಾದ

ಹುಲಿಗೂ ಸಿಂಹಕ್ಕೂ ಬಿದ್ದರೆ ಗೆಲ್ಲುವುದು ಯಾರು? ಮಂಗಳೂರಿನಲ್ಲಿ ಈ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ. ನವರಾತ್ರಿಗೆ ಹುಲಿವೇಷದ ತಾಸೆಯ ಸದ್ದು ಕಿವಿಗೆ ಬಿದ್ದದ್ದೇ ಹೆಜ್ಜೆ ತನ್ನಿಂದ ತಾನೇ ಬದಲಾಗುವ ಊರಿದು. ಇಲ್ಲಿ ಸಿಂಹದ ಪರ ಓಟು ಹಾಕುವವರು ಸಿಗುವುದು ಕಷ್ಟ. ಆದರೆ ವಾದ ಅಲ್ಲಿಗೇ ನಿಲ್ಲುವುದಿಲ್ಲವಲ್ಲ. ಒಬ್ಬ ಆನೆಯನ್ನು ತರುತ್ತಾನೆ, ಇನ್ನೊಬ್ಬ ಮೊಸಳೆಯನ್ನು, ಘಟ್ಟದ ಬುಡದ ಕಡೆಯವನಾದರೆ ಕಾಟಿಯನ್ನೋ ಕಾಳಿಂಗನನ್ನೋ. ಕೊನೆಗೆ ಹೈಸ್ಕೂಲಿಗೆ ಹೋಗುವ ಹುಡುಗಿಯೊಬ್ಬಳು ಮೊಬೈಲಿನಿಂದ ತಲೆ ಎತ್ತಿ "ಟಾರ್ಡಿಗ್ರೇಡ್" ಎಂದುಬಿಡುತ್ತಾಳೆ: ಪಾಚಿಯಲ್ಲಿ ಬದುಕುವ, ಸುಲಭಕ್ಕೆ ಸಾಯದು ಎಂದೇ ಹೆಸರಾದ ಪುಟ್ಟ ಜೀವಿ. ಅಲ್ಲಿಗೆ ಎಲ್ಲರ ಬಾಯಿ ಬಂದ್.

ಗಮನಿಸಬೇಕಾದ್ದು ಇದು: ಆ ಹುಡುಗಿ ಉತ್ತರ ಕೊಟ್ಟದ್ದು ಬೇರೆಯೇ ಪ್ರಶ್ನೆಗೆ. ಮೊದಲಿನವರು ಕೇಳಿದ್ದು ಯಾರು ಕೊಲ್ಲುತ್ತಾರೆ ಎಂದು. ಅವಳು ಹೇಳಿದ್ದು ಯಾರು ಸಾಯುವುದಿಲ್ಲ ಎಂದು. ಈ ಎರಡರ ನಡುವೆ ಸುಮಾರು ಎರಡು ಸಾವಿರ ವರ್ಷಗಳ ಹಾದಿ ಇದೆ, ಮತ್ತು ಅಳತೆಗೋಲು ಬದಲಾದಾಗಲೆಲ್ಲ ಗೆದ್ದ ಪ್ರಾಣಿಯೂ ಬದಲಾಗಿದೆ.

ನಮ್ಮ ಕಡೆಯ ಹಳೇ ಉತ್ತರ ಕಲ್ಲಿನಲ್ಲೇ ಇದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ಚೆನ್ನಕೇಶವ ದೇವಸ್ಥಾನದ ಒಂದು ಕೆತ್ತನೆಯಲ್ಲಿ ಜಿಂಕೆಯನ್ನು ಹೆಬ್ಬಾವು ನುಂಗುತ್ತಿದೆ. ಹೆಬ್ಬಾವನ್ನು ಆನೆ ಎತ್ತಿದೆ. ಆನೆಯ ಮೇಲೆ ಸಿಂಹ ಎರಗಿದೆ, ಸಿಂಹದ ಮೇಲೆ ಶರಭ, ಶರಭದ ಮೇಲೆ ಗಂಡಭೇರುಂಡ. ಪಕ್ಕದಲ್ಲಿ ಒಬ್ಬ ಋಷಿ ಬೆರಗಾಗಿ ನೋಡುತ್ತಾನೆ. ಶಿಲ್ಪಿಯ ಜಾಣತನ ನೋಡಿ. ಕಾಡಿನಲ್ಲಿರುವ ಪ್ರಾಣಿಗಳು ಸಿಂಹಕ್ಕೆ ಬಂದು ಮುಗಿದವು; ಸಿಂಹವನ್ನು ಸೋಲಿಸುವವರು ಬೇಕಾದಾಗ ಎಂಟು ಕಾಲಿನ ಶರಭವನ್ನೂ ಎರಡು ತಲೆಯ ಹಕ್ಕಿಯನ್ನೂ ಕಲ್ಪನೆಯಿಂದಲೇ ತರಬೇಕಾಯಿತು. (ಆನೆ-ಸಿಂಹದ ಮೆಟ್ಟಿಲಲ್ಲೇ ತಕರಾರು ತೆಗೆಯಬಹುದು: ಬೆಳೆದ ಆನೆಯ ತಂಟೆಗೆ ಸಿಂಹ ಹೋಗುವುದು ಅಪರೂಪ. ಕಾವ್ಯದ ಸಿಂಹಕ್ಕೆ ಮಾತ್ರ ಆನೆಯ ಕುಂಭಸ್ಥಳ ಸೀಳುವುದು ನಿತ್ಯದ ಕೆಲಸ.) ಮೇಲಿನ ಮೆಟ್ಟಿಲು ಹತ್ತಿದ ಹಕ್ಕಿಯನ್ನು ರಾಜರು ಬಿಡುತ್ತಾರೆಯೇ? ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಗಂಡಭೇರುಂಡ ಕೊಕ್ಕು-ಉಗುರುಗಳಲ್ಲಿ ಆನೆಗಳನ್ನೇ ಹಿಡಿದು ನಿಂತಿದೆ. ಅಲ್ಲಿಂದ ಅದು ಮೈಸೂರು ಅರಸರ ಲಾಂಛನಕ್ಕೆ ಬಂತು, ಈಗ ಕರ್ನಾಟಕ ಸರಕಾರದ ಪ್ರತಿಯೊಂದು ಲೆಟರ್‌ಹೆಡ್ ಮೇಲೂ ಇದೆ.

ಕಲ್ಪನೆ ಸಾಲದು, ಕಣ್ಣಾರೆ ನೋಡಬೇಕು ಎಂದವರು ರೋಮನ್ನರು. ಕ್ರಿ.ಶ. 80ರಲ್ಲಿ ಕೊಲೋಸಿಯಂ ಉದ್ಘಾಟನೆಯ ಆಟಗಳ ಬಗ್ಗೆ ಬರೆದ ಕವಿ ಮಾರ್ಷಿಯಾಲ್, ಪಳಗಿಸಿದ ಹುಲಿಯೊಂದು ಸಿಂಹವನ್ನು ಸೀಳಿದ್ದನ್ನೂ ಘೇಂಡಾಮೃಗ ಕರಡಿಯನ್ನು ಕೊಂಬಿನಿಂದ ಎತ್ತಿ ಎಸೆದದ್ದನ್ನೂ ವರ್ಣಿಸಿದ್ದಾನೆ. ಮಂಗಳೂರಿನವರು ಬೇಕಾದರೆ ಇದನ್ನು ಸಾಕ್ಷಿಯಾಗಿ ಇಟ್ಟುಕೊಳ್ಳಲಿ.

ಈ ಕಥೆಯಲ್ಲಿ ಪಡುವಣ ಕರಾವಳಿಯೂ ಒಮ್ಮೆ ಬರುತ್ತದೆ. ದೀವ್‌ನಲ್ಲಿ ಕೋಟೆ ಕಟ್ಟಲು ಜಾಗ ಬೇಕೆಂದು ಪೋರ್ಚುಗೀಸರ ಗವರ್ನರ್ ಅಲ್ಬುಕರ್ಕ್ ಗುಜರಾತಿನ ಸುಲ್ತಾನನ ಬಳಿಗೆ ದೂತರನ್ನು ಕಳಿಸಿದ್ದ. ಜಾಗ ಸಿಗಲಿಲ್ಲ, ಉಡುಗೊರೆಯಾಗಿ ಒಂದು ಘೇಂಡಾಮೃಗ ಸಿಕ್ಕಿತು. ಅದನ್ನು ಏನು ಮಾಡುವುದು? 1515ರ ಜನವರಿಯಲ್ಲಿ ಗೋವೆಯಿಂದ ಹಡಗು ಹತ್ತಿಸಿ ರಾಜ ಮ್ಯಾನುಯೆಲ್‌ಗೆ ರವಾನಿಸಿದ. ಮೇ ತಿಂಗಳಲ್ಲಿ ಅದು ಲಿಸ್ಬನ್ ಮುಟ್ಟಿತು. ಆನೆಗೂ ಘೇಂಡಾಮೃಗಕ್ಕೂ ಹುಟ್ಟು ವೈರ ಎಂದು ರೋಮಿನ ಹಳೇ ಪಂಡಿತ ಪ್ಲಿನಿ ಬರೆದಿಟ್ಟಿದ್ದ. ಅದು ನಿಜವೇ ಎಂದು ನೋಡಲು ಜೂನ್ 3ರಂದು ರಾಜ ಎರಡನ್ನೂ ಅಂಗಳಕ್ಕೆ ಬಿಡಿಸಿದ. ಜನ ಕಿಕ್ಕಿರಿದಿದ್ದರು. ಘೇಂಡಾಮೃಗ ನಿಧಾನಕ್ಕೆ ಹೆಜ್ಜೆ ಹಾಕುತ್ತ ಬಂತು, ಎಳೇ ಆನೆ ಗಾಬರಿಬಿದ್ದು ಓಟ ಕಿತ್ತಿತು. ಒಂದೇ ಒಂದು ಏಟು ಬೀಳಲಿಲ್ಲ. ತೀರ್ಪು ಮಾತ್ರ ಘೇಂಡಾಮೃಗದ ಕಡೆಗೇ ಆಯಿತು.

ಆ ಪ್ರಾಣಿಯನ್ನು ಒಮ್ಮೆಯೂ ಕಾಣದ ಜರ್ಮನಿಯ ಕಲಾವಿದ ಡ್ಯೂರರ್, ಯಾರೋ ಬರೆದ ಪತ್ರ ಮತ್ತು ಒಂದು ರೇಖಾಚಿತ್ರ ನೋಡಿ ಅದೇ ವರ್ಷ ಮರದಚ್ಚು ಕೆತ್ತಿದ. ಚರ್ಮದ ಮಡಿಕೆಗಳು ಅವನ ಕೈಯಲ್ಲಿ ಕಬ್ಬಿಣದ ಕವಚವಾದವು, ಬೆನ್ನ ಮೇಲೆ ಇಲ್ಲದ ಇನ್ನೊಂದು ಪುಟ್ಟ ಕೊಂಬು ಮೂಡಿತು. ಮುಂದಿನ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಯುರೋಪು ಅದನ್ನೇ ನಿಜವೆಂದು ನಂಬಿತು. ನಿಜವಾದ ಘೇಂಡಾಮೃಗ ಪೋಪನಿಗೆ ಉಡುಗೊರೆಯಾಗಿ ಹೊರಟು, ಮರುವರ್ಷವೇ ಇಟಲಿಯ ಕರಾವಳಿಯಲ್ಲಿ ಹಡಗು ಒಡೆದು ಸತ್ತಿತು. ಈಜಲು ಬರುವ ಪ್ರಾಣಿಯೇ. ಕಾಲಿಗೆ ಸರಪಳಿ ಬಿಗಿದಿದ್ದರು.

ಕಾದಾಡಿಸಿ ನೋಡುವ ದಾರಿ ನಮ್ಮಲ್ಲಿ ಕಾನೂನಿನ ಮಟ್ಟಿಗೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೊಂದಿಗೆ ಮುಚ್ಚಿತು. ತುಳುನಾಡಿನ ಕೋಳಿ ಅಂಕ ಅಷ್ಟಕ್ಕೆ ನಿಂತಿಲ್ಲ, ಪೊಲೀಸರು ದಾಳಿ ಮಾಡಿದ ಸುದ್ದಿ ಪೇಪರಿನಲ್ಲಿ ಇಂದಿಗೂ ಬರುತ್ತಲೇ ಇರುತ್ತದೆ. ಅಲ್ಲಿಯ ಹಳಬರನ್ನು ಕೇಳಿದರೆ ಬಲ ಒಂದೇ ಸಾಲದು ಎನ್ನುತ್ತಾರೆ. ಯಾವ ದಿನ, ಯಾವ ಹೊತ್ತಿಗೆ, ಯಾವ ಬಣ್ಣದ ಕೋಳಿ ಗೆಲ್ಲುತ್ತದೆ ಎಂದು ಹೇಳುವ ಕುಕ್ಕುಟ ಪಂಚಾಂಗವೇ ಉಂಟು. ಕಾಲಿಗೆ ಬಾಳು (ಸಣ್ಣ ಕತ್ತಿ) ಕಟ್ಟಿದ ಮೇಲೆ ಗೆಲ್ಲುವುದು ಕೋಳಿಯೋ ಕಬ್ಬಿಣವೋ ಎಂಬುದು ನನ್ನ ಅನುಮಾನ.

ಕಾದಾಟದ ಜಾಗಕ್ಕೆ ವಿಜ್ಞಾನ ಮೀಟರನ್ನು ತಂದಿಟ್ಟಿತು. ಹುಲಿವೇಷದಲ್ಲಿ ಅಕ್ಕಿ ಮುಡಿಯನ್ನು ಹಲ್ಲಿನಲ್ಲಿ ಕಚ್ಚಿ, ಎತ್ತಿ, ತಲೆಯ ಮೇಲಿಂದ ಹಿಂದಕ್ಕೆ ಎಸೆಯುವವನಿಗೆ ಶಿಳ್ಳೆ ಬೀಳುತ್ತದಲ್ಲ, ಅದೇ ಪರೀಕ್ಷೆಯನ್ನು ಅಮೆರಿಕದ ಗ್ರೆಗರಿ ಎರಿಕ್ಸನ್ ಮತ್ತು ಸಂಗಡಿಗರು ಮೊಸಳೆಗಳ ಮೇಲೆ ಮಾಡಿದರು. ಕೋಲಿನ ತುದಿಗೆ ಒತ್ತಡ ಅಳೆಯುವ ಉಪಕರಣ ಕಟ್ಟಿ ಜಗತ್ತಿನ ಎಲ್ಲ ಜಾತಿಯ ಮೊಸಳೆಗಳ ಬಾಯಿಗೆ ಕೊಟ್ಟರು. 2012ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಉಪ್ಪುನೀರಿನ ಮೊಸಳೆಯ ಕಡಿತ 16,414 ನ್ಯೂಟನ್, ಅಂದರೆ ಹೆಚ್ಚುಕಡಿಮೆ 1,670 ಕಿಲೋ ಭಾರ ಮೇಲೆ ಬಿದ್ದ ಹಾಗೆ. ಬದುಕಿರುವ ಪ್ರಾಣಿಯಲ್ಲಿ ನೇರವಾಗಿ ಅಳೆದ ಕಡಿತಗಳಲ್ಲಿ ಇಷ್ಟು ದೊಡ್ಡದು ಬೇರೆ ಇರಲಿಲ್ಲ.

ಆದರೆ ಮೀಟರು ಬಂದದ್ದೇ ಸಣ್ಣವರ ಕಾಲವೂ ಬಂತು. ಮೈತೂಕಕ್ಕೆ ಹೋಲಿಸಿ ಲೆಕ್ಕ ಹಾಕಿದರೆ ಆನೆ ಎಲ್ಲಿಯೂ ಇಲ್ಲ: 2010ರ ಒಂದು ಅಧ್ಯಯನದಲ್ಲಿ ಕೊಂಬಿನ ಸಗಣಿ ಹುಳು ತನ್ನ ತೂಕದ 1,141 ಪಟ್ಟು ಎಳೆಯಿತು. ಇದರಲ್ಲಿ ಪವಾಡವಿಲ್ಲ, ಮೂಲಸೂತ್ರವನ್ನು ಗೆಲಿಲಿಯೋ 1638ರಲ್ಲೇ ಹೇಳಿದ್ದ. ಪ್ರಾಣಿಯ ಉದ್ದ, ಅಗಲ, ಎತ್ತರ ಮೂರೂ ಇಮ್ಮಡಿಯಾದರೆ ಸ್ನಾಯುವಿನ ಅಡ್ಡಕೊಯ್ತದ ವಿಸ್ತೀರ್ಣ (ಶಕ್ತಿಗೆ ಆಧಾರ ಅದೇ) ನಾಲ್ಕು ಪಟ್ಟಾಗುತ್ತದೆ, ತೂಕ ಎಂಟು ಪಟ್ಟಾಗುತ್ತದೆ. ಬೆಳೆದಂತೆಲ್ಲ ಶಕ್ತಿಗಿಂತ ಭಾರವೇ ಮುಂದೆ ಓಡುತ್ತದೆ. ಹುಳುವನ್ನು ಆನೆಯ ಗಾತ್ರಕ್ಕೆ ಉಬ್ಬಿಸಿದರೆ ಅದು ಎದ್ದು ನಿಲ್ಲುವುದೂ ಇಲ್ಲ.

ಗುದ್ದಿನ ದಾಖಲೆ ಸಮುದ್ರದ ಪಾಲು. ಮ್ಯಾಂಟಿಸ್ ಸಿಗಡಿ ಎಂಬ ಗುಂಪಿನ ಬಣ್ಣದ ಜಾತಿಯೊಂದು ಸೆಕೆಂಡಿಗೆ 23 ಮೀಟರ್‌ವರೆಗಿನ ವೇಗದಲ್ಲಿ ಮುಷ್ಟಿ ಬೀಸುವುದನ್ನು ಶೀಲಾ ಪಾಟೆಕ್ ತಂಡ 2004ರಲ್ಲಿ ಕ್ಯಾಮೆರಾದಲ್ಲಿ ಹಿಡಿಯಿತು. ಆ ವೇಗಕ್ಕೆ ನೀರಿನಲ್ಲಿ ಗುಳ್ಳೆ ಎದ್ದು, ಅದು ಒಡೆದು ಎರಡನೇ ಏಟೂ ಬೀಳುತ್ತದೆ. ಅದೇ ಗುಂಪಿನ ಇನ್ನೊಂದು ಜಾತಿ, ಗುದ್ದದೆ ಮುಳ್ಳುಗೈಯಿಂದ ಇರಿಯುವಂಥದ್ದು, ನಮ್ಮ ಟ್ರಾಲ್ ಬೋಟುಗಳ ಬಲೆಗೆ ರಾಶಿ ರಾಶಿ ಬೀಳುತ್ತದೆ. ಮಂಗಳೂರಿನ ದಕ್ಕೆಯಲ್ಲೋ ಮಲ್ಪೆ ಬಂದರಿನಲ್ಲೋ ಬೆಳಗ್ಗೆ ನಿಂತರೆ ಕಾಣಬಹುದು: ಬಂಗುಡೆ, ಸಿಗಡಿ, ಬೊಂಡಾಸ್ ಬುಟ್ಟಿಗೆ, ಬೂದು ಬಣ್ಣದ, ಚಪ್ಪಟೆ ಬಾಲದ ಈ ಜೀವ ಮಾತ್ರ ಸಲಿಕೆಯಲ್ಲಿ ಒಂದು ಕಡೆಗೆ. ಅದು ಹೋಗುವುದು ಫಿಶ್‌ಮೀಲ್ ಕಾರ್ಖಾನೆಗೆ. ಹೆಕ್ಕುವವರು ಅದಕ್ಕೆ ಹೆದರುವುದು ಬೆರಳು ಕೊಯ್ಯುತ್ತದೆಂಬ ಕಾರಣಕ್ಕೆ ಅಷ್ಟೆ.

ಇಷ್ಟೊಂದು ಅಳತೆಗಳು ಒಟ್ಟಿಗೆ ಬಿದ್ದಾಗ ಏನು ಮಾಡಬೇಕು ಎಂಬುದಕ್ಕೆ ಕೆಸರುಗದ್ದೆಯಲ್ಲಿ ಕೋಣ ಓಡಿಸುವ ಕಂಬಳದವರನ್ನು ಕೇಳಬೇಕಿತ್ತು. ಎಲ್ಲ ಕೋಣಗಳಲ್ಲಿ ಯಾವುದು ಗಟ್ಟಿ ಎಂದು ಕಂಬಳದಲ್ಲಿ ಯಾರೂ ಕೇಳುವುದಿಲ್ಲ. ಅಲ್ಲಿ ಸ್ಪರ್ಧೆಯ ಕೂಟಗಳೇ ಬೇರೆ ಬೇರೆ: ನೇಗಿಲು ಬೇರೆ, ಹಗ್ಗ ಬೇರೆ, ಎರಡರಲ್ಲೂ ಕಿರಿಯ-ಹಿರಿಯ ಬೇರೆ; ಅಡ್ಡಹಲಗೆ ಬೇರೆ. ಕನೆಹಲಗೆಗೆ ಬಂದರೆ ಓಟದ ಲೆಕ್ಕವೇ ಇಲ್ಲ: ಓಡಿಸುವವನು ನಿಂತ ಹಲಗೆಯ ತೂತುಗಳಿಂದ ನೀರು ಎಷ್ಟು ಮೇಲಕ್ಕೆ ಚಿಮ್ಮಿತು ಎಂಬುದೇ ತೀರ್ಪು. ಕರೆಯ (ಓಟದ ಗದ್ದೆಯ) ಮೇಲೆ ಅಡ್ಡಲಾಗಿ ಬಟ್ಟೆಯ ನಿಶಾನೆ ಕಟ್ಟಿರುತ್ತಾರೆ, ಕೋಲಿನ ಅಳತೆಯಲ್ಲಿ ಆರೂವರೆ ಕೋಲಿಗೊಂದು, ಏಳೂವರೆ ಕೋಲಿಗೊಂದು. ನೀರು ಬಟ್ಟೆ ಮುಟ್ಟಿದರೆ ಗೆಲುವು. ಹಗ್ಗದಲ್ಲಿ ಮೆಡಲು ಹೊಡೆದ ಜೋಡಿ ಕನೆಹಲಗೆಯಲ್ಲಿ ನಿಶಾನೆ ಮುಟ್ಟಲಿಲ್ಲವೆಂದು ಯಜಮಾನರನ್ನು ಯಾರೂ ಹೀಯಾಳಿಸುವುದಿಲ್ಲ. ಪ್ರಾಣಿಗಳ ವಾದಕ್ಕೆ ಇದಕ್ಕಿಂತ ಒಳ್ಳೇ ನಿಯಮಾವಳಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೊಲ್ಲುವ ಪ್ರಶ್ನೆಯಿಂದ ತಾಳಿಕೊಳ್ಳುವ ಪ್ರಶ್ನೆಗೆ ದಾಟಿದ ಸೇತುವೆ ವಿಷ. ಆಗುಂಬೆ ಕಡೆಯ ಕಾಳಿಂಗ ಸರ್ಪ ಪ್ರತ್ಯೇಕ ಪ್ರಭೇದವೆಂದು 2024ರಲ್ಲಿ ಗುರುತಾಗಿ, ಅದರ ವೈಜ್ಞಾನಿಕ ಹೆಸರಿನಲ್ಲೇ 'ಕಾಳಿಂಗ' ಸೇರಿತು. ಬೇರೆ ಹಾವುಗಳನ್ನು ತಿಂದೇ ಬದುಕುವ ಅದು ಪಟ್ಟಿಯಲ್ಲಿ ಮೇಲಿರಬೇಕಾದದ್ದೇ. ಆದರೆ ನಾಗರಹಾವಿನ ಎದುರು ಮುಂಗುಸಿ ಉಳಿಯುವುದು ಚುರುಕಿನಿಂದ ಮಾತ್ರವಲ್ಲ ಎಂದು 1992ರಲ್ಲಿ ಇಸ್ರೇಲಿನ ವಿಜ್ಞಾನಿಗಳು ತೋರಿಸಿದರು. ಹಾವಿನ ವಿಷ ಸ್ನಾಯುವಿನ ಮೇಲಿರುವ ಒಂದು ಗ್ರಾಹಕಕ್ಕೆ (ನರದ ಸಂದೇಶ ಹಿಡಿಯುವ ಅಣುವಿಗೆ) ಅಂಟಿಕೊಂಡು ಉಸಿರಾಟ ನಿಲ್ಲಿಸುತ್ತದೆ. ಮುಂಗುಸಿಯಲ್ಲಿ ಆ ಗ್ರಾಹಕದ ರಚನೆಯೇ ಸ್ವಲ್ಪ ಬೇರೆ, ವಿಷಕ್ಕೆ ಹಿಡಿತ ಸಿಗುವುದಿಲ್ಲ. 2015ರಲ್ಲಿ ತರಕರಡಿ, ಮುಳ್ಳುಹಂದಿಯಂತೆ ಕಾಣುವ ಹೆಡ್ಜ್‌ಹಾಗ್ ಮತ್ತು ಹಂದಿ ಇವುಗಳಲ್ಲೂ ಇಂತಹ ಬದಲಾವಣೆ ತಂತಮ್ಮಷ್ಟಕ್ಕೆ ಆಗಿರುವುದು ಗೊತ್ತಾಯಿತು. ಹೌದು, ಹಂದಿ. ಅದಕ್ಕೆ ನಮ್ಮ ಅರಸರು ಲಾಂಛನದಲ್ಲಿ ಜಾಗ ಕೊಟ್ಟದ್ದು ವರಾಹವಾದಾಗ ಮಾತ್ರ.

ಇನ್ನು ಆ ಹುಡುಗಿ ಹೇಳಿದ ಟಾರ್ಡಿಗ್ರೇಡ್. ಮಳೆಗಾಲದಲ್ಲಿ ಉಡುಪಿಯ ಮುರಕಲ್ಲಿನ ಕಂಪೌಂಡು ಗೋಡೆಗಳ ಮೇಲೆ ಹಸಿರು ಪಾಚಿ ಕಟ್ಟುತ್ತದೆ, ಜನವರಿ ಹೊತ್ತಿಗೆ ಒಣಗಿ ಕಪ್ಪಾಗುತ್ತದೆ. ಇಂತಹ ಪಾಚಿಯೇ ಈ ಎಂಟು ಕಾಲಿನ, ಅರ್ಧ ಮಿಲಿಮೀಟರ್ ಉದ್ದದ ಜೀವಿಯ ವಾಸಸ್ಥಾನ. 1773ರಲ್ಲಿ ಜರ್ಮನಿಯ ಪಾದ್ರಿ ಗೋಜ಼ೆ ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಪುಟ್ಟ ನೀರುಕರಡಿ ಎಂದ. ಮೂರು ವರ್ಷದಲ್ಲಿ ಇಟಲಿಯ ಸ್ಪಲ್ಲಾಂಜ಼ಾನಿ, ಒಣಗಿ ಸತ್ತಂತಿದ್ದ ಇವು ನೀರು ಬಿದ್ದೊಡನೆ ನಡೆದಾಡುವುದನ್ನು ವಿವರಿಸಿದ. ಒಣಗುವಾಗ ಅದು ಕಾಲು ಒಳಗೆಳೆದುಕೊಂಡು ಉಂಡೆಯಾಗುತ್ತದೆ, ಮೈಯ ನೀರು ಬಹುತೇಕ ಹೋಗುತ್ತದೆ, ಜೀವದ ಕೆಲಸಗಳು ಹೆಚ್ಚುಕಡಿಮೆ ನಿಲ್ಲುತ್ತವೆ. ಆ ಸ್ಥಿತಿಯಲ್ಲಿ 2007ರಲ್ಲಿ ಯುರೋಪಿನ ವಿಜ್ಞಾನಿಗಳು ಬಾಹ್ಯಾಕಾಶದ ನಿರ್ವಾತಕ್ಕೆ ಒಡ್ಡಿದರೂ ಹಲವು ಬದುಕಿ ಬಂದವು. ಅಂಟಾರ್ಟಿಕಾದ ಪಾಚಿಯಲ್ಲಿ 30 ವರ್ಷ ಹೆಪ್ಪುಗಟ್ಟಿದ್ದವು ಮತ್ತೆ ಎದ್ದು ಮೊಟ್ಟೆ ಇಟ್ಟವು. 2020ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಗೋಡೆಯ ಪಾಚಿಯಲ್ಲೇ ಸಿಕ್ಕ ಒಂದು ಬಗೆ, ಬ್ಯಾಕ್ಟೀರಿಯಾ ಕೊಲ್ಲುವ ನೇರಳಾತೀತ ಬೆಳಕನ್ನು ಹೀರಿ ನೀಲಿಯಾಗಿ ಹೊಳೆದು ಬದುಕುಳಿಯುವುದು ಪತ್ತೆಯಾಯಿತು.

ಪ್ರಶಸ್ತಿ ಕೊಟ್ಟೇಬಿಡೋಣ ಎನ್ನುವಷ್ಟರಲ್ಲಿ ಅದೇ ವರ್ಷ ಡೆನ್ಮಾರ್ಕಿನಿಂದ ತಣ್ಣೀರು ಬಿತ್ತು, ಬಿಸಿನೀರು ಎನ್ನಬೇಕು. ಗಟ್ಟಿತನಕ್ಕೇ ಹೆಸರಾದ ಒಂದು ಪ್ರಭೇದವನ್ನು ಒಣಗಿಸದೆ, ಓಡಾಡುವ ಸ್ಥಿತಿಯಲ್ಲೇ 37 ಡಿಗ್ರಿ ಚಿಲ್ಲರೆ ಬಿಸಿಯಲ್ಲಿ ಒಂದು ದಿನ ಇಟ್ಟರೆ ಅರ್ಧಕ್ಕರ್ಧ ಸತ್ತುಹೋದವು. ಮಾರ್ಚ್‌ನಲ್ಲಿ ಮಂಗಳೂರಿನ ಪಾದರಸ ಆ ಗೆರೆ ದಾಟಿದ್ದನ್ನು ನಾವು ನೋಡಿದ್ದೇವೆ. ನನ್ನ ತಕರಾರೂ ಇದೇ: ಕಣ್ಣು ಮುಚ್ಚಿ ಉಂಡೆಯಾಗಿ ಬಿದ್ದವನು ಏಟು ತಾಳಿದರೆ ಅದು ಸಹನೆಯ ದಾಖಲೆ, ಸರಿ. ಹೊಟ್ಟೆಪಾಡು ನಡೆಸುತ್ತಲೇ ತಾಳಿಕೊಳ್ಳುವುದಕ್ಕೆ ಇನ್ನೊಂದು ಕೂಟ ಇರಬೇಡವೇ?

ಆ ಕೂಟಕ್ಕೆ ನನ್ನ ಓಟು ಲಿಂಪೆಟ್‌ಗೆ. ನಮ್ಮ ಕರಾವಳಿಯ ಬಂಡೆಗಳ ಮೇಲೆ, ಪಚ್ಚಿಲೆ ಎಂಬ ಚಿಪ್ಪುಜೀವಿ ಅಂಟಿಕೊಳ್ಳುವ ಗೆರೆಯ ಆಸುಪಾಸು, ಚಪ್ಪಟೆ ಟೋಪಿಯಂತಹ ಚಿಪ್ಪಿನ ಸಣ್ಣ ಬಸವನಹುಳು ಇದು. ಇಳಿತದಲ್ಲಿ ಸುಡುವ ಕಲ್ಲು, ಉಬ್ಬರದಲ್ಲಿ ಉಪ್ಪುನೀರು, ಜೂನ್ ಬಂದರೆ ಸಿಹಿ ಮಳೆ ಮತ್ತು ಮಲ್ಪೆಯಿಂದ ದ್ವೀಪಕ್ಕೆ ಬೋಟೇ ಬಿಡದಂತಹ ತೆರೆ. ಇಷ್ಟೆಲ್ಲದರ ನಡುವೆ ಅದು ಕಲ್ಲನ್ನು ಕೆರೆದು ಪಾಚಿ ತಿನ್ನುತ್ತಿರುತ್ತದೆ. ಕೆರೆಯುವ ಹಲ್ಲೂ ಸಾಮಾನ್ಯದ್ದಲ್ಲ: ಯುರೋಪಿನ ಲಿಂಪೆಟ್‌ನ ಹಲ್ಲನ್ನು 2015ರಲ್ಲಿ ಎಳೆದು ನೋಡಿದ ಬ್ರಿಟನ್ನಿನ ಎಂಜಿನಿಯರುಗಳು, ಜೀವಿಗಳಲ್ಲಿ ಅಲ್ಲಿಯವರೆಗೆ ಗೊತ್ತಿದ್ದ ಯಾವ ವಸ್ತುವಿಗಿಂತಲೂ, ಜೇಡನ ನೂಲಿಗಿಂತಲೂ ಅದು ಬಲ ಎಂದರು. ಕಬ್ಬಿಣದ ಖನಿಜದ ಸಣ್ಣ ಎಳೆಗಳು ಅದರೊಳಗೆ ಹೆಣೆದುಕೊಂಡಿವೆ.

ಅದಕ್ಕೂ ಒಂದು ದೌರ್ಬಲ್ಯ ಇಲ್ಲದಿಲ್ಲ. ಸುಳಿವು ಕೊಡದೆ ಪಕ್ಕದಿಂದ ಒಂದೇ ಏಟು ಹಾಕಿದರೆ ಕಳಚಿ ಬರುತ್ತದೆ. ಮೊದಲು ಬೆರಳಿನಿಂದ ಒಮ್ಮೆ ಮುಟ್ಟಿಬಿಟ್ಟಿರೋ, ಕಚ್ಚಿ ಕೂರುತ್ತದೆ. ಆಮೇಲೆ ಚಿಪ್ಪು ಒಡೆದೀತೇ ಹೊರತು ಬಂಡೆ ಬಿಡುವುದಿಲ್ಲ.